ಸುಮ್ಮನೆ ಕೂತ ಮೂರನೇ ಪೈಪು

“ಈ ಮೂರನೇ ಪೈಪು ಯಾವ ಉದ್ಧಾರಕ್ಕೆ?”

ದೊಡ್ಡಮ್ಮ ಯಾರನ್ನೂ ಕೇಳಲಿಲ್ಲ. ಮೀನಿನ ತೊಟ್ಟಿಯ ಹಿಂದೆ ಬಗ್ಗಿ, ಗೋಡೆಗೆ ಕೇಳಿದಂತೆ ಕೇಳಿದಳು.

ಕೆಳಗಿನ ಕೋಣೆಯಲ್ಲಿ ಅವಳು ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಳು. ಅದರ ನೆತ್ತಿಯ ಮೇಲೇ ತಂಗಿಯ ಮಗಳ ತೊಟ್ಟಿ. ತೊಟ್ಟಿಯ ನೀರು ಪೈಪಿನಲ್ಲಿ ಅದರಡಿಯ ಸೋಸುವ ಡಬ್ಬಿಗೆ ಇಳಿದು, ಪಂಪಿನಿಂದ ಮತ್ತೆ ಮೇಲೇರುತ್ತಿತ್ತು. ಹೋದ ತಿಂಗಳು, ನೀರಿಳಿಯುವ ಒಂಟಿ ಪೈಪಿನ ಬಾಯಿಗೆ ಬಸವನಹುಳು ಅಡ್ಡ ಕೂತಿತ್ತು. ಪಂಪು ನೀರನ್ನು ಮೇಲೆತ್ತುತ್ತಲೇ ಇತ್ತು, ಇಳಿಯಲು ದಾರಿಯಿಲ್ಲ. ತೊಟ್ಟಿ ಉಕ್ಕಿ ನೀರು ಕೆಳಗೆ ಸೋರಿ, ಹೊಲಿದಿಟ್ಟ ನಲವತ್ತು ಪುಸ್ತಕಗಳು ಉಬ್ಬಿ ದಿಂಬಾದವು. ಇನ್ನೊಂದು ಹನಿ ಬಿದ್ದರೆ ತೊಟ್ಟಿಗೂ ಈ ಮನೆಗೂ ಋಣ ಹರಿಯಿತೆಂದು ದೊಡ್ಡಮ್ಮ ಸಾರಿಬಿಟ್ಟಳು. ಹುಡುಗಿ ಅತ್ತು ಕರೆದು, ಪ್ಲಂಬರ್ ಸೋದರಮಾವನನ್ನು ಹಿಡಿದು ತಂದಿದ್ದಳು. ಅವನು ಒಂದರ ಜಾಗದಲ್ಲಿ ಮೂರು ಪೈಪು ಕೂರಿಸಿದ್ದ.

“ಮೊದಲನೇದು ತುಂಬಿ ಹರಿಯುತ್ತೆ ಅಕ್ಕಾ. ಒಳಗೆ ಗಾಳಿ ಸೇರಲ್ಲ, ಅದಕ್ಕೇ ಸದ್ದಿಲ್ಲ,” ಎಂದ ತಮ್ಮ. “ಎರಡನೇದರಲ್ಲಿ ಸಣ್ಣ ಧಾರೆ. ಮೂರನೇದರ ಬಾಯಿ ಎತ್ತರದಲ್ಲಿದೆ. ಅದು ಒಣಗಿಯೇ ಇರ್ಬೇಕು.”

“ನಿನ್ನ ಹಾಗೇ ಅನ್ನು! ಯಾರ ಮನೆಗೆ ಹೋದ್ರೂ ಮೂಲೆ ಹಿಡಿದು ಕೂರ್ತೀಯಲ್ಲ.”

ತಮ್ಮ ನಕ್ಕ. ದೊಡ್ಡಮ್ಮ ಹೆಗಲ ಮೇಲಿನ ಒಗೆದ ಬಟ್ಟೆಯನ್ನು ಸುತ್ತಿ ಮೊದಲನೇ ಪೈಪಿಗೆ ತುರುಕಿಯೇಬಿಟ್ಟಳು.

“ದೊಡ್ಡಮ್ಮಾ! ಕೆಳಗಿರೋದು ನಿಮ್ಮವೇ ಪುಸ್ತಕ!”

“ಇರ್ಲಿ ಬಿಡೇ. ಏನಾಗುತ್ತೋ ಇವತ್ತೇ ಆಗ್ಲಿ.”

ನೀರು ಏರಿತು. ಎರಡನೇ ಪೈಪು ಗಳಗಳ ಬಾಯಿ ಮುಕ್ಕಳಿಸತೊಡಗಿತು.

“ಆ ಸದ್ದು ಕೇಳಿದ್ರೆ ಎಲ್ಲಿದ್ರೂ ಓಡಿ ಬಾ, ಅಕ್ಕಾ. ಮೊದಲನೇದು ಕಟ್ಟಿದೆ ಅನ್ನೋಕೆ ಅದೇ ಕೂಗು.”

ದೊಡ್ಡಮ್ಮ ಅದರ ಬಾಯಿಗೂ ಅಂಗೈ ಒತ್ತಿದಳು. ಅಂಚಿಗೆ ಮೂರು ಬೆರಳು ಉಳಿಯಿತು. ಎರಡು ಬೆರಳು. ಅಷ್ಟರಲ್ಲಿ, ಪದ್ಯ ಓದುವವರು ಸಾಲು ಮರೆತಾಗ ಹಿಂದೆ ಕೂತವರು ಮೆಲ್ಲನೆ ಎತ್ತಿಕೊಳ್ಳುವಂತೆ, ಮೂರನೇ ಪೈಪು ನೀರನ್ನು ಎತ್ತಿಕೊಂಡಿತು. ನೀರು ಅಲ್ಲೇ ನಿಂತಿತು.

ದೊಡ್ಡಮ್ಮ ಕೈ ತೆಗೆದಳು, ಬಟ್ಟೆ ಕಿತ್ತಳು. ಕೈಯೊರೆಸಿಕೊಂಡು, ಕಾಗದ ನೀವುವ ಹಾಗೆ ನೆಲವನ್ನೆಲ್ಲ ನೀವಿದಳು. ಒಣನೆಲ. ದಡದಡ ಕೆಳಗಿಳಿದು ಪುಸ್ತಕಗಳನ್ನೂ ಮುಟ್ಟಿ ನೋಡಿ ಬಂದಳು. ಮುಖದಲ್ಲಿ ಮುಚ್ಚಿಡಲಾಗದ ನಗು.

“ತೊಟ್ಟಿ ಇರ್ಲಿ,” ಎಂದಳು.

ಹುಡುಗಿ ಕುಣಿದೇಬಿಟ್ಟಳು. “ಮಾವ, ಮೂರನೇದು ಹೇಗೂ ಖಾಲಿ, ಥೇಟ್ ಹೂದಾನಿ! ಒಂದು ಬಳ್ಳಿ ಇಟ್ಕೊಳ್ಲಾ? ಒಂದೇ ಒಂದು!”

ಅವನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಪೈಪಿಗೆ ಅಡ್ಡ ನಿಂತಳು.

“ಒಂದು ಎಲೆ ಕೂಡ ಇಡಕೂಡದು.”