ಅವಳ ತುದಿ

ಇಬ್ಬರಿಲ್ಲದೆ ಆಗದ ಕೆಲಸ ಅಂತ ಕೆಲವನ್ನು ದೇವರು ಬೇಕೆಂದೇ ಇಟ್ಟಿದ್ದಾನೆ. ದೊಡ್ಡ ಮಂಚದ ಬೆಡ್‌ಶೀಟು ಮಡಚುವುದು ಅವುಗಳಲ್ಲಿ ಒಂದು. ಒಬ್ಬಳೇ ಮಡಚಲು ಹೋದರೆ ಅದು ಮಡಿಕೆಯಾಗುವುದಿಲ್ಲ, ಮುದ್ದೆಯಾಗುತ್ತದೆ.

ಲಾಂಡ್ರಿಯ ಮಡಿಕೆ ಮೇಜಿನ ಮುಂದೆ ನಿಂತೇ ತಲೆ ನರೆಸಿಕೊಂಡವಳು ದೊಡ್ಡ ಸೊಸೆ. ಮನೆಯವರು ಮಾತ್ರವಲ್ಲ, ಇಡೀ ಲಾಂಡ್ರಿಯೇ ಅವಳನ್ನು ಹಾಗೆ ಕರೆಯುತ್ತಿತ್ತು. ಮೇಜಿನ ಆಚೆ ಬದಿಗೆ ನಿಲ್ಲುತ್ತಿದ್ದವಳು ಅವಳ ಓರಗಿತ್ತಿ, ಚಿಕ್ಕ ಸೊಸೆ. ಮನೆಯಲ್ಲಿ ಇಬ್ಬರಿಗೂ ಮಾತಿರಲಿಲ್ಲ. ತಾರಸಿಯ ಮೇಲೆ ಬಟ್ಟೆ ಒಣಹಾಕುವ ಹಗ್ಗದಲ್ಲಿ ಬಿಸಿಲು ಬೀಳುವ ಕಡೆ ಯಾರದು, ನೆರಳಿನ ಕಡೆ ಯಾರದು ಎಂಬಲ್ಲಿ ಶುರುವಾದ ಜಗಳ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಎಳೆದು ಎಳೆದು, ಕಡೆಗೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಹೇಳಲೇಬೇಕಾದ್ದೇನಾದರೂ ಇದ್ದರೆ ಮಾವನ ಮುಖಾಂತರ.

"ಮಾವ, ಗ್ಯಾಸು ಮುಗೀತು ಅಂತ ಆ ಕಡೆಯವರಿಗೆ ಹೇಳಿ."

"ಮಾವ, ಆ ಕಡೆಯವರಿಗೂ ಕಿವಿ ಇದೆ, ಕೇಳಿಸ್ತು ಅಂತ ಹೇಳಿ."

"ಊರೋರ ಬಟ್ಟೆ ಒಣಗಿಸಿ ಬರೋರು, ಸ್ವಂತ ಬಟ್ಟೆಗೆ ಕಿತ್ತಾಡ್ತೀರಲ್ಲಮ್ಮಾ. ನನ್ನನ್ನ ಅಂಚೆಯಣ್ಣ ಮಾಡಿಟ್ಟಿದ್ದೀರಿ" ಎಂದು ಮಾವ ಕೂತಲ್ಲಿಯೇ ನಗುತ್ತಿದ್ದರು.

ಆದರೆ ಮೇಜಿನ ಮುಂದೆ ನಿಂತರೆ ಕಥೆಯೇ ಬೇರೆ. ಉಗಿಯಾಡುವ ಇಸ್ತ್ರಿ ರೋಲರ್‌ನಿಂದ ಶೀಟು ಹೊರಬಂದದ್ದೇ ತಡ, ದೊಡ್ಡವಳು ತನ್ನ ತುದಿ ಹಿಡಿದು ಇನ್ನೊಂದನ್ನು ಆಚೆಗೆ ಬೀಸುತ್ತಿದ್ದಳು. ನೋಡುತ್ತಲೂ ಇರಲಿಲ್ಲ. ಚಿಕ್ಕವಳ ಕೈ ಅಲ್ಲಿ ಇರುತ್ತಿತ್ತು. ಒಮ್ಮೆ ಜಗ್ಗು, ಒಮ್ಮೆ ಕೂಡು, ಮತ್ತೆ ಜಗ್ಗು. ನೀಲಿ ಅಂಚಿನ ಶೀಟು ಬಂದರೆ ಅದು ಆಸ್ಪತ್ರೆಯದು. ಅದನ್ನು ಮಡಚುವಾಗ ದೊಡ್ಡವಳು ತುಟಿಯೊಳಗೇ, "ಇದರ ಮೇಲೆ ಮಲಗೋರು ಬೇಗ ಏಳಲಿ ತಂದೆ" ಎನ್ನುತ್ತಿದ್ದಳು. ಅಂಚಿಲ್ಲದ ಬರೀ ಬಿಳಿಯದು ಹೋಟೆಲಿನದು. ಅದರ ಮೇಲೆ ಮಲಗುವವರಿಗಾಗಿ ಅವಳು ಬೇಡಿಕೊಂಡವಳಲ್ಲ. ಅವರು ಏಳುವುದೇ ತಡವಾಗಿ.

ಮಾವ ಇದೇ ಲಾಂಡ್ರಿಯ ಕಾರ್ಮಿಕ ಸಂಘಕ್ಕೆ ಅಧ್ಯಕ್ಷರಾಗಿದ್ದವರು. ಆಗ ಕೆಲಸ ಎಂದರೆ ಕೆಲಸ, ಇಂದು ಇದ್ದದ್ದು ನಾಳೆಯೂ ಇರುತ್ತಿತ್ತು. ಆಮೇಲೆ ಗುತ್ತಿಗೆ ಬಂತು, ಕಾಯಂ ಕೆಲಸದವರು ಒಬ್ಬೊಬ್ಬರೇ ಮನೆಗೆ ಹೋದರು, ಅವರ ಹಿಂದೆಯೇ ಸಂಘವೂ ಹೋಯಿತು. ಸಂಘದ ಕೋಣೆಯಲ್ಲಿ ಈಗ ಸೋಪಿನ ಪೀಪಾಯಿಗಳಿದ್ದವು. ಮಾವನಿಗೆ ಉಳಿದದ್ದು ಒಂದೇ ಕಥೆ. ಊಟಕ್ಕೆ ಕೂತಾಗಲೆಲ್ಲ ಅದೇ.

"ನಮ್ಮ ಕಾಲದಲ್ಲಿ ಮೈಕು ಇರಲಿಲ್ಲ, ಘೋಷಣೆ ಇರಲಿಲ್ಲ. ಕೆಲಸ ನಿಲ್ಲಿಸಬೇಕು ಅಂದ್ರೆ ಉಗಿ ಕಿಟಕಿಯಿಂದ ಒಂದು ಶೀಟು ಇಳಿಬಿಡೋದು. ಕಿಟಕಿಯಲ್ಲಿ ಬಿಳಿ ಕಂಡ್ರೆ ಗೇಟಲ್ಲಿ ಕಾಲು ಮಡಚು. ಅಷ್ಟೇ. ಬೇರೆಯವರಿಗೆ ಬಿಳಿ ಬಾವುಟ ಅಂದ್ರೆ ಸೋತೆ ಅಂತ. ನಮಗೆ, ಗೆದ್ದ ಮೇಲೇ ಏಳ್ತೀವಿ ಅಂತ."

ಸೊಸೆಯರಿಬ್ಬರೂ ಒಮ್ಮತದಿಂದ ಆಕಳಿಸುತ್ತಿದ್ದುದು ಆಗ ಮಾತ್ರ.

ಈಗಿನ ಪದ್ಧತಿ ಬೇರೆ. ಬೆಳಗ್ಗೆ ಗೇಟಿನ ಮುಂದೆ ಎಲ್ಲರೂ ನಿಲ್ಲಬೇಕು. ಸೂಪರ್‌ವೈಸರ್ ಬಂದು ಬೆರಳು ಚಾಚುತ್ತಾನೆ. "ನೀನು. ನೀನು. ನೀನು." ಬೆರಳು ಯಾರ ಮೇಲೆ ನಿಂತಿತೋ ಅವರು ಒಳಕ್ಕೆ, ಯಾರನ್ನು ದಾಟಿತೋ ಅವರು ಮನೆಗೆ. ಮೂರು ದಿನ ದಾಟಿತೆಂದರೆ ಗೇಟಿನವನೇ ಗುರುತು ಮರೆಯುತ್ತಿದ್ದ. ಸೂಪರ್‌ವೈಸರ್‌ಗೆ ಹೆಂಗಸರು ಇಟ್ಟ ಹೆಸರು ಬೆರಳಪ್ಪ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಅವನನ್ನು ನೋಡಿಯೇ ಹುಟ್ಟಿರಬೇಕು.

ಹೀಗಿರುವಾಗ ಚಿಕ್ಕ ಸೊಸೆಯ ಮಣಿಕಟ್ಟು ರೋಲರ್‌ನ ಉಗಿಗೆ ಸುಟ್ಟಿತು. ಅವಳು ಅತ್ತವಳಲ್ಲ. ಬೆರಳಪ್ಪನ ಮುಂದೆ ನಿಂತು, "ಸಾರ್, ಎಲ್ಲರಿಗೂ ಕೈಗವಸು ಕೊಡಿಸಿ" ಎಂದಳು, ಅಷ್ಟೇ.

"ಕೈ ಸುಡಬಾರದು ಅನ್ನೋರು ಮನೇಲಿ ಕೂತ್ಕೋಬಹುದು" ಎಂದ ಅವನು.

ಮರುದಿನ ಬೆರಳು ಅವಳನ್ನು ದಾಟಿತು. ಅದರ ಮರುದಿನವೂ ದಾಟಿತು. ಅಂದು ರಾತ್ರಿ ಊಟದ ಹೊತ್ತಿಗೆ ಮಾವ ಕಥೆ ಹೇಳಲಿಲ್ಲ. ದೊಡ್ಡ ಸೊಸೆಗೆ ಅದು ಅನ್ನಕ್ಕೆ ಉಪ್ಪಿಲ್ಲದ ಹಾಗೆ ಅನ್ನಿಸಿತು. ತಾನೇನಾದರೂ ಬಾಯಿಬಿಟ್ಟರೆ ತನ್ನ ಕೆಲಸವೂ ಹೋಗುತ್ತದೆ, ಒಂದೇ ಮನೆಯ ಎರಡೂ ಒಲೆ ಆರುತ್ತವೆ. ಬಿಡದಿದ್ದರೆ ಒಂದಾದರೂ ಉರಿಯುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಪ್ರಾರ್ಥನೆಗೆ ಕೂತಾಗ ಬಾಯಿಗೆ ಮಾತೇ ಬರಲಿಲ್ಲ. ಸುಮ್ಮನೆ ಕೈಮುಗಿದು ಎದ್ದಳು.

ಮೂರನೆಯ ಬೆಳಗು. ಬೆರಳು ದೊಡ್ಡವಳ ಮೇಲೆ ನಿಂತಿತು, ಪಕ್ಕದಲ್ಲಿದ್ದ ಚಿಕ್ಕವಳನ್ನು ಕಂಬವನ್ನು ದಾಟುವಂತೆ ದಾಟಿತು. ದೊಡ್ಡವಳು ತಲೆ ತಗ್ಗಿಸಿ ಒಳಗೆ ಹೋದಳು. ಚಿಕ್ಕವಳು ಮನೆಗೆ ಹೋಗಲಿಲ್ಲ. ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು, ಉಳಿದವರ ಜೊತೆ ಗೇಟಿನಲ್ಲೇ ನಿಂತಳು.

ಒಳಗೆ ಮೇಜಿನ ಆಚೆಗೆ ಒಬ್ಬ ಹೊಸಬಳನ್ನು ನಿಲ್ಲಿಸಿದ್ದರು. ಪಾಪ, ಒಳ್ಳೆಯ ಹೆಂಗಸು. ಮೊದಲು ಆಸ್ಪತ್ರೆಯ ನೀಲಿ ಅಂಚಿನವು ಬಂದವು. ದೊಡ್ಡವಳು ಒಂದೊಂದನ್ನೂ ನಿಧಾನವಾಗಿ ಕೊಟ್ಟು, ನಿಧಾನವಾಗಿ ಮಡಚಿದಳು. ಆಸ್ಪತ್ರೆಯ ಗಾಡಿ ತುಂಬಿ ಹೊರಟಿತು. ಆಮೇಲೆ ಹೋಟೆಲಿನವು ಶುರುವಾದವು. ಸಂಜೆ ಹೋಟೆಲಿಗೆ ಯಾರೋ ದೊಡ್ಡವರ ದಂಡೇ ಬರುವುದಿತ್ತು. ಲಾರಿ ಆಗಲೇ ಬಾಗಿಲಿಗೆ ಬಂದು ನಿಂತಿತ್ತು.

ಕೈಗೆ ಓಟ ಹತ್ತಿತು. ಓಟ ಹತ್ತಿದ ಕೈಗೆ ನೆನಪು ಬೇರೆಯೇ ಇರುತ್ತದೆ. ದೊಡ್ಡವಳು ಎಂದಿನಂತೆ, ನೋಡದೆ, ಶೀಟಿನ ತುದಿಯನ್ನು ಆಚೆಗೆ ಬೀಸಿದಳು. ಹಿಡಿಯುವ ಕೈ ಅಲ್ಲಿರಲಿಲ್ಲ. ತುದಿ ಗಾಳಿಯಲ್ಲಿ ಒಂದು ಗಳಿಗೆ ತೂಗಿ, ಒದ್ದೆ ನೆಲದ ಮೇಲೆ ಬಿತ್ತು.

ಹೊಸಬಳು ಗಾಬರಿಯಾಗಿ ಬಗ್ಗಿದಳು.

"ಬಿಡಮ್ಮಾ" ಎಂದಳು ದೊಡ್ಡ ಸೊಸೆ. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಅದು ಅವಳ ತುದಿ."

ಹೊಸಬಳು ಬಗ್ಗಿದವಳು ಹಾಗೆಯೇ ನಿಂತಳು. ಆಮೇಲೆ ಮೆಲ್ಲಗೆ ನೆಟ್ಟಗಾಗಿ ಕೈ ಕಟ್ಟಿಕೊಂಡಳು. "ಬೆಳಗ್ಗೆಯಿಂದ ಯಾರದೋ ಜಾಗದಲ್ಲಿ ನಿಂತ ಹಾಗಿತ್ತಕ್ಕಾ. ಈಗ ಗೊತ್ತಾಯ್ತು" ಎಂದಳು.

ದೊಡ್ಡವಳು ತನ್ನ ತುದಿಯನ್ನು ಬಿಡಲಿಲ್ಲ. ಎರಡು ಮೂಲೆ ಹಿಡಿದು ಹಾಗೆಯೇ ನಿಂತಳು. ಪಕ್ಕದ ಮೇಜಿನ ದಪ್ಪಕ್ಕ ಇದನ್ನು ನೋಡಿದಳು. ಅವಳ ಜೋಡಿಯನ್ನು ಹೋದ ತಿಂಗಳೇ ಬೆರಳು ದಾಟಿತ್ತು. ದಪ್ಪಕ್ಕ ತನ್ನ ಎದುರಿನವಳಿಗೆ ತಲೆಯಾಡಿಸಿದಳು. ಇನ್ನೊಂದು ತುದಿ ನೆಲಕ್ಕೆ ಬಿತ್ತು. ಆಮೇಲೆ ಇನ್ನೊಂದು, ಮತ್ತೊಂದು. ಯಾರೂ ಕೂಗಲಿಲ್ಲ. ಪ್ರತಿ ಮೇಜಿನಲ್ಲೂ ಒಬ್ಬಳು ಅರ್ಧ ಶೀಟು ಹಿಡಿದು ನಿಂತಿದ್ದಳು, ಉಳಿದರ್ಧ ನೆಲದಲ್ಲಿ ಯಾರಿಗೋ ಕಾಯುತ್ತಿತ್ತು.

ಬೆರಳಪ್ಪ ಓಡಿಬಂದ. "ಏನಿದು? ಕೈ ಬಿದ್ದುಹೋಯ್ತಾ?"

"ಕೈ ಇದೆ ಸಾರ್" ಎಂದಳು ದಪ್ಪಕ್ಕ. "ಎರಡೇ ಇರೋದು. ಈ ಕೆಲಸಕ್ಕೆ ನಾಲ್ಕು ಬೇಕು. ಉಳಿದೆರಡನ್ನ ನೀವು ಗೇಟಲ್ಲೇ ಬಿಟ್ಟು ಬಂದಿದ್ದೀರಿ."

"ಹಾಗಾ? ಗೇಟಲ್ಲಿ ಬೇಕಾದಷ್ಟು ಕೈ ಇವೆ. ಎಲ್ಲಾನೂ ಈಗಲೇ ಕರ್ಕೊಂಡು ಬರ್ತೀನಿ. ನೀವು ಹೊರಡಬಹುದು." ಹೇಳಿ, ಗೇಟಿನ ಕಡೆಗೆ ಹೊರಟ.

ದೊಡ್ಡವಳು ಅವನ ಬೆನ್ನನ್ನೇ ನೋಡಿದಳು. ಹೊರಗಿನವರಿಗೆ ಒಳಗಿನದು ಹೇಗೆ ತಿಳಿಯಬೇಕು? ಬೆರಳು ಕರೆದರೆ ಬಂದೇ ಬರುತ್ತಾರೆ. ಹಸಿವಿಗೆ ಯಾರು ಕಾರಣ ಕೇಳುತ್ತಾರೆ? ಆಗ ಅವಳ ಕಣ್ಣು ಮೇಲೆ, ಉಗಿ ಹೊರಹೋಗುವ ಕಿಟಕಿಯ ಮೇಲೆ ಬಿತ್ತು. ಆಕಳಿಸುತ್ತ ಕೇಳಿದ ಕಥೆ ಒಮ್ಮೆಲೇ ಎಚ್ಚರವಾಗಿ ಎದ್ದು ಕೂತಿತು.

"ಸ್ಟೂಲು ಹಿಡೀರಿ" ಎಂದಳು. ಹತ್ತಿದಳು. ಕೈಯಲ್ಲಿದ್ದ ಶೀಟನ್ನು ಕಿಟಕಿಯಿಂದ ಹೊರಗೆ ತಳ್ಳಿ, ಒಂದು ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. 'ತಂದೆ, ಅವಳು ಮೇಲೆ ನೋಡುವ ಹಾಗೆ ಮಾಡು.' ನಿನ್ನೆ ರಾತ್ರಿ ಬಾರದಿದ್ದ ಪ್ರಾರ್ಥನೆ ತಾನಾಗಿಯೇ ಬಂತು.

ಗೇಟಿನಲ್ಲಿ ಚಿಕ್ಕ ಸೊಸೆ ಮೇಲೆ ನೋಡಿದಳು. ಗೋಡೆಯ ಮೇಲೆ ಬಿಳಿ ಇಳಿಬಿದ್ದಿತ್ತು. ಆ ಕಥೆಯನ್ನು ಲೋಕದಲ್ಲಿ ಅಷ್ಟು ಸಲ ಕೇಳಿಸಿಕೊಂಡವರು ಇಬ್ಬರೇ. ಅವಳು ಅರೆಗಳಿಗೆಯೂ ಯೋಚಿಸಲಿಲ್ಲ. ಕಾಲು ಮಡಚಿ ನೆಲದ ಮೇಲೆ ಕೂತಳು.

"ಕೂತ್ಕೊಳ್ಳಿ" ಎಂದಳು ಪಕ್ಕದವರಿಗೆ. "ಒಳಗಿನವರು ನಮಗೋಸ್ಕರ ಕೆಲಸ ನಿಲ್ಲಿಸಿದ್ದಾರೆ. ನಮ್ಮ ತುದಿ ಖಾಲಿ ಬಿಟ್ಟಿದ್ದಾರೆ."

ಬೆರಳಪ್ಪ ಗೇಟು ತೆಗೆಸಿ ಬೆರಳು ಚಾಚಿದ. "ನೀನು."

"ಕಾಲು ಜೋಮು ಹಿಡಿದಿದೆ ಸಾರ್" ಎಂದಳೊಬ್ಬಳು.

"ನೀನು."

"ನನ್ನ ಜೋಡೀನೂ ಕರೀತೀರಾ ಸಾರ್? ಇಲ್ಲಾಂದ್ರೆ ಇಲ್ಲೇ ಚೆನ್ನಾಗಿದೆ, ಗಾಳಿ ಬರುತ್ತೆ."

ಬೆರಳು ಕಡೆಯಿಂದ ಕಡೆಯವರೆಗೆ ಹೋಯಿತು, ತಿರುಗಿ ಬಂತು. ಯಾರೂ ಏಳದಿದ್ದರೆ ಬೆರಳು ಬರೀ ಬೆರಳು. ಅವನು ಅದನ್ನು ಒಮ್ಮೆ ನೋಡಿಕೊಂಡು ಜೇಬಿಗೆ ಹಾಕಿಕೊಂಡ.

ಅಷ್ಟರಲ್ಲಿ ಬೀದಿಯ ತುದಿಯಿಂದ ಒಬ್ಬರು ಓಡುನಡಿಗೆಯಲ್ಲಿ ಬರುತ್ತಿದ್ದರು. ಮಾವ. ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವರಿಗೆ ಲಾಂಡ್ರಿಯ ಕಿಟಕಿಯಲ್ಲಿ ಬಿಳಿ ಕಂಡಿತ್ತು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ದೊಡ್ಡ ಸೊಸೆಯದು. ಬಂದವರೇ ಚಿಕ್ಕ ಸೊಸೆಯ ಪಕ್ಕ ಕಾಲು ಮಡಚಿದರು. "ತಡವಾಯ್ತಮ್ಮಾ" ಎಂದರು ಏದುಸಿರು ಬಿಡುತ್ತ. ಎಷ್ಟು ವರ್ಷ ತಡ ಎಂದು ಅವರು ಹೇಳಲಿಲ್ಲ.

ಹೋಟೆಲಿನವರು ಫೋನಿನ ಮೇಲೆ ಫೋನು ಮಾಡಿದರು. ಕಡೆಗೆ ಲಾಂಡ್ರಿಯ ಯಜಮಾನರೇ ಕಾರಿನಿಂದಿಳಿದು ಬಟ್ಟೆ ಮಡಚುವ ಕೋಣೆಗೆ ಬಂದರು. ನೆಲದ ಮೇಲೆ ಚೆಲ್ಲಿದ ಬಿಳಿಯನ್ನು ತುಳಿಯದೆ ನಡೆಯುವುದು ಹೇಗೆಂದು ತಿಳಿಯದೆ ಬಾಗಿಲಲ್ಲೇ ನಿಂತರು.

"ಯಾರು ನಿಮ್ಮ ಲೀಡರು? ಮಾತಾಡೋಣ."

ಹೆಂಗಸರೆಲ್ಲ ಸ್ಟೂಲಿನ ಮೇಲಿದ್ದವಳನ್ನು ನೋಡಿದರು. ದೊಡ್ಡ ಸೊಸೆ ಮುಷ್ಟಿ ಸಡಿಲಿಸದೆಯೇ ಹೇಳಿದಳು: "ಈ ತುದೀಲಿ ನಾನಿದ್ದೀನಿ ಸಾರ್. ಆ ತುದಿಯವಳು ಗೇಟಿನ ಹೊರಗಿದ್ದಾಳೆ. ಅವಳಿಲ್ಲದೆ ನನಗೆ ಮಡಚೋಕೂ ಬರಲ್ಲ, ಮಾತಾಡೋಕೂ ಬರಲ್ಲ."

ಯಜಮಾನರು ಬೆರಳಪ್ಪನ ಕಡೆ ನೋಡಿದರು. ಲಾರಿ ಹಾರ್ನ್ ಹಾಕಿತು.

"ಕರೀರಿ ಅವಳನ್ನ" ಎಂದರು.

ಚಿಕ್ಕ ಸೊಸೆ ಒಬ್ಬಳೇ ಬರಲಿಲ್ಲ. ಅವಳ ಹಿಂದೆ ಗೇಟಿಗೆ ಗೇಟೇ ಬಂತು. ಓರಗಿತ್ತಿಯರಿಬ್ಬರೂ ಯಜಮಾನರ ಮುಂದೆ ನಿಂತು ಮಾತಾಡಿದ ಚೆಂದವನ್ನು ಅಲ್ಲಿದ್ದವರು ಇಂದಿಗೂ ಹೇಳುತ್ತಾರೆ. ಒಬ್ಬಳು ಮಾತಿನ ತುದಿ ಬೀಸುವುದು, ಇನ್ನೊಬ್ಬಳು ಹಿಡಿಯುವುದು. ಬೆರಳು ತೋರಿಸುವುದು ಇಂದಿಗೇ ಕೊನೆ, ಎಂದಳು ದೊಡ್ಡವಳು. ಮೊದಲು ಬಂದವರು ಮೊದಲು, ಅದೂ ಜೋಡಿಯಾಗಿಯೇ, ಎಂದಳು ಚಿಕ್ಕವಳು. ಕೈಗವಸು ಎಂದಳು ಒಬ್ಬಳು. ನಾಳೆಯಿಂದಲ್ಲ, ಇವತ್ತಿನಿಂದ, ಎಂದಳು ಇನ್ನೊಬ್ಬಳು. ಮತ್ತೆ ಸಂಘದ ಕೋಣೆಯಲ್ಲಿ ಸೋಪು ಇಡಬಾರದು ಎಂದು ಹಿಂದಿನಿಂದ ಕೂಗಿದ್ದು ದಪ್ಪಕ್ಕ. ಯಜಮಾನರು ಬೆವರು ಒರೆಸಿಕೊಳ್ಳುತ್ತ ಪ್ರತಿಯೊಂದಕ್ಕೂ ಹೂಂ ಅಂದರು. ಅಂದದ್ದನ್ನು ಗೋಡೆಗೆ ಬರೆಸಿ ರುಜು ಹಾಕಿಸಿದ ಮೇಲೆಯೇ ರೋಲರ್ ತಿರುಗಿತು.

ಚಿಕ್ಕ ಸೊಸೆ ಮೇಜಿನ ಆಚೆಗೆ ಹೋದಳು. ಕಿಟಕಿಯಿಂದ ಒಳಕ್ಕೆ ಎಳೆದುಕೊಂಡ ಶೀಟಿನ ಇನ್ನೊಂದು ತುದಿ ಮತ್ತೆ ನೆಲಕ್ಕೆ ಬಿದ್ದಿತ್ತು. ಬಗ್ಗಿ ಎತ್ತಿಕೊಂಡಳು.

"ಅಕ್ಕಾ, ಇದು ಕೊಳೆಯಾಗಿದೆ. ಮತ್ತೆ ಒಗೀಬೇಕು."

ನಡುವೆ ಮಾವನಿಲ್ಲದೆ, ನೇರವಾಗಿ.

"ಒಗೆಯೋಣ ಬಿಡು" ಎಂದಳು ದೊಡ್ಡವಳು. "ಮೊದಲು ಒಂದು ಸಲ ಜಗ್ಗು."

ಸೋಪಿನ ಪೀಪಾಯಿಗಳನ್ನು ಅಂದೇ ಹೊರಗೆ ಉರುಳಿಸಿದರು. ಎಲ್ಲರೂ ಸೇರಿ ಮಾವನನ್ನು ಹಳೆಯ ಕುರ್ಚಿಯಲ್ಲಿ ಕೂರಿಸಿ, ಎರಡು ಮಾತು ಆಡಿ ಎಂದರು. ಆ ಒಂದೇ ಕಥೆಯನ್ನು ವರ್ಷಗಟ್ಟಲೆ ಹೇಳಿದವರು ಈಗ ಎದ್ದು ನಿಂತರು. ಕೈಮುಗಿದರು, ಕಣ್ಣೊರೆಸಿಕೊಂಡರು, ಆ ಒಂಟಿ ಚಪ್ಪಲಿ ಬಿಚ್ಚಿ ದೊಡ್ಡ ಸೊಸೆಯ ಕಡೆ ಸರಿಸಿದರು.

ತಾರಸಿಯ ಹಗ್ಗದಲ್ಲಿ ಬಿಸಿಲಿನ ಕಡೆ ಯಾರದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆದರೆ ಈಗ ಅವರು ಮುಖ ನೋಡಿಕೊಂಡೇ ಜಗಳವಾಡುತ್ತಾರೆ. ಅಂಚೆಯಣ್ಣನಿಗೆ ಅದಕ್ಕೆಲ್ಲ ಪುರುಸೊತ್ತಿಲ್ಲ. ಬೆಳಗಾದರೆ ಸಂಘದ ಕೋಣೆಯ ಬಾಗಿಲು ತೆಗೆಯಬೇಕು.