ರಾಜ್ಯಾಧ್ಯಕ್ಷರನ್ನು ಹೊತ್ತ ಕತ್ತೆ ನಾನು

ನಾನು ಒಂದು ಕತ್ತೆ. ಹೆಣ್ಣು ಕತ್ತೆ. ಹೆಸರು ಸಾವಂತ್ರಿ. ನಗುವವರು ಈಗಲೇ ನಕ್ಕುಬಿಡಿ. ನನ್ನನ್ನು ಕಂಡು ನಕ್ಕವನೊಬ್ಬನ ಗತಿ ಏನಾಯಿತು ಅಂತ ಹೇಳುವುದಕ್ಕೇ ನಾನು ಬಾಯಿ ತೆರೆದಿರುವುದು.

ನಾನು ಹುಟ್ಟಿದ್ದು ದಾವಣಗೆರೆಯ ದೋಬಿ ಘಾಟಿನಲ್ಲಿ, ಒಣಹಾಕಿದ ಸೀರೆಗಳ ನೆರಳಲ್ಲಿ. ನನ್ನನ್ನು ಸಾಕಿದವಳು ಉಚ್ಚಂಗೆಮ್ಮ. ಪ್ರಾಯದಲ್ಲಿ ಬಟ್ಟೆಗಂಟು ಹೊತ್ತೆ. ಮನೆಮನೆಗೂ ವಾಷಿಂಗ್ ಮೆಷೀನು ಬಂದ ಮೇಲೆ ಗಂಟು ಸಣ್ಣದಾಯಿತು, ಆಮೇಲೆ ನಿಂತೇ ಹೋಯಿತು. ಅಷ್ಟರಲ್ಲಿ ನನಗೊಂದು ಮರಿಯಾಗಿತ್ತು. ಮೂತಿಯಷ್ಟೇ ಬೆಳ್ಳಗೆ, ಉಳಿದದ್ದೆಲ್ಲ ಬೂದಿಬಣ್ಣ. ಉಚ್ಚಂಗೆಮ್ಮ ಅವನನ್ನು ಗಿಡ್ಡ ಅಂತ ಕರೆದಳು. ನಮ್ಮಿಬ್ಬರನ್ನೂ ಓಣಿಓಣಿಗೆ ನಡೆಸಿಕೊಂಡು ಹೋಗಿ, ಕೆಮ್ಮುವ ಕೂಸುಗಳಿಗೆ ನನ್ನ ಹಾಲನ್ನು, ಕೂಸಿನ ಬಾಯಿಗೆ ಹಾಲು ಹಾಕುವ ಪುಟ್ಟ ಒಳಲೆಯ ಲೆಕ್ಕದಲ್ಲಿ ಮಾರುತ್ತಿದ್ದಳು. ನನ್ನ ಬದುಕಿನ ಒಳ್ಳೆಯ ಕಾಲ ಅದು.

ಆಗ ಬಂದ ಕೊಟ್ರಬಸಪ್ಪ. ಅಖಿಲ ಭಾರತ ಸಮಬಾಳು ಪಕ್ಷದ ರಾಜ್ಯಾಧ್ಯಕ್ಷ. ಈ ಪಕ್ಷದ ಬೇರು ಎಲ್ಲೋ ಉತ್ತರದಲ್ಲಿ. ನಮ್ಮ ರಾಜ್ಯದ ಶಾಖೆ ಎಂದರೆ ಮಂಡಕ್ಕಿ ಅಂಗಡಿಯ ಅಟ್ಟದ ಮೇಲಿನ ಒಂದು ಕೋಣೆ, ಒಂದು ಬೋರ್ಡು, ಕೊಟ್ರಬಸಪ್ಪ, ಅವನ ಮೀಸೆ. ಮೀಸೆ ಮಾತ್ರ ದೊಡ್ಡ ಪಕ್ಷದ್ದು. ಮೊದಲ ಚುನಾವಣೆಯಲ್ಲಿ ಅವನಿಗೆ ಬಿದ್ದ ವೋಟು ನೋಟಾಕ್ಕಿಂತ ಕಡಿಮೆ. ಹಾಗಾಗಿ ಅವನಿಗೊಂದು ಉಪಾಯ ಹೊಳೆಯಿತು. ಕತ್ತೆಯ ಕೊರಳಿಗೆ ಮಂತ್ರಿಯ ಹೆಸರು ನೇತುಹಾಕಿ ಮೆರವಣಿಗೆ ಮಾಡುವುದು. ಉಚ್ಚಂಗೆಮ್ಮ ಬಾಡಿಗೆಗೆ ಒಪ್ಪಿದಳು. ರಸ್ತೆ ಕೆಟ್ಟರೂ ನಾನು, ನಲ್ಲಿಯಲ್ಲಿ ನೀರು ಬಾರದಿದ್ದರೂ ನಾನು. ಮಂತ್ರಿಗಳು ಮಾಡಿದ ಯಾವ ತಪ್ಪನ್ನೂ ನಾನು ಮಾಡಿರಲಿಲ್ಲ, ಚಪ್ಪಲಿ ಹಾರ ಮಾತ್ರ ನನ್ನ ಕೊರಳಿಗೆ. ನನ್ನ ಪಕ್ಕದಲ್ಲಿ ಗಿಡ್ಡ ಕುಣಿಯುತ್ತ ಬರುತ್ತಿದ್ದ. ಅವನಿಗೆ ಅದೊಂದು ಆಟ. ಫೋಟೋಗಳಲ್ಲೆಲ್ಲ ಅವನೇ ಮುಂದೆ.

ಈ ಫೋಟೋಗಳಿಂದಲೇ ಕೊಟ್ರಬಸಪ್ಪ ಪಾಲಿಕೆಯ ಒಂದು ವಾರ್ಡಿನಲ್ಲಿ ಗೆದ್ದುಬಿಟ್ಟ. ಪಕ್ಷಕ್ಕೆ ಇಡೀ ರಾಜ್ಯದಲ್ಲಿ ಸಿಕ್ಕ ಮೊದಲ ಗೆಲುವು. ವಿಜಯೋತ್ಸವಕ್ಕೆ ನಮ್ಮನ್ನೂ ಕರೆಸಿದರು. ಪಾರ್ಕಿನ ತಿರುವಿನಲ್ಲಿ ಅವನ ಕಡೆಯ ಹುಡುಗರು ಗಿಡ್ಡನ ಕಾಲ ಕೆಳಗೇ ಸರಪಟಾಕಿ ಹಚ್ಚಿದರು. ಅವನು ಬೆದರಿ ರಸ್ತೆಗೆ ಹಾರಿದ. ಎದುರಿಗೆ ಲಾರಿ ಬಂತು. ನಾನು ಹಗ್ಗದಲ್ಲಿದ್ದೆ. ಕಿರುಚುವುದೊಂದೇ ನನ್ನ ಕೈಲಾದದ್ದು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಉಚ್ಚಂಗೆಮ್ಮ ನನ್ನನ್ನು ಎಳೆದುಕೊಂಡೇ ಮಂಡಕ್ಕಿ ಅಂಗಡಿಯ ಮುಂದೆ ಹೋಗಿ ನಿಂತಳು. ಕೊಟ್ರಬಸಪ್ಪನ ಕೊರಳಲ್ಲಿ ಹಾರ, ಕೈಯಲ್ಲಿ ಪೇಡೆ.

"ಒಂದ್ಸಲ ಬಂದು ನೋಡ್ರಿ ಸಾಹೇಬ್ರ. ಕೂಸು ಇನ್ನೂ ರಸ್ತ್ಯಾಗ ಬಿದ್ದೈತಿ."

"ಏ, ಹೋಗಮ್ಮ! ಕತ್ತೆಮರಿಗೆ ಶ್ರದ್ಧಾಂಜಲಿ ಸಭೆ ಮಾಡಾಕಾಗ್ತೈತೇನು?"

ಅಟ್ಟದ ಮೆಟ್ಟಿಲ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವನೂ ಪೇಡೆ ಬಾಯಲ್ಲಿಟ್ಟುಕೊಂಡೇ ನಕ್ಕ. ಆ ನಗುವನ್ನು ನಾನು ಕಿವಿಯೊಳಗೆ ಇಟ್ಟುಕೊಂಡೆ. ನಮ್ಮ ಕಿವಿ ದೊಡ್ಡದು, ಬಹಳ ಹಿಡಿಯುತ್ತದೆ. ಕುಡಿಯುವವನಿಲ್ಲದೆ ಕೆಚ್ಚಲು ಬಾತು, ನೋವು ಕೊಟ್ಟು, ಕೊನೆಗೆ ಹಾಲು ಬತ್ತಿತು. ಹಾಲಿನ ವ್ಯಾಪಾರವೂ ಹೋಯಿತು. ಹೊಟ್ಟೆ ಕೇಳಬೇಕಲ್ಲ, ಉಚ್ಚಂಗೆಮ್ಮ ಮತ್ತೆ ಅವನ ಬಾಡಿಗೆಗೇ ಒಪ್ಪಿದಳು. ನಾನೂ ತಲೆ ತಗ್ಗಿಸಿ ನಡೆದೆ. ಕತ್ತೆಗೆ ಏನೂ ತಿಳಿಯದು ಅಂತ ಜನ ತಿಳಿದಿರುವುದು ನನಗೆ ಅನುಕೂಲವೇ ಆಯಿತು.

ವಿಧಾನಸಭೆ ಚುನಾವಣೆ ಬಂತು. ಕೊಟ್ರಬಸಪ್ಪ ನಿಂತ. ಪ್ರಚಾರದ ಪ್ರತಿ ಸಭೆಯಲ್ಲೂ ನಾನು ವೇದಿಕೆ ಪಕ್ಕ. ಅವನು "ಬಂಧುಗಳೇ" ಅನ್ನುವುದೇ ತಡ, ನಾನು ಗಂಟಲು ಹರಿಯುವಂತೆ ಅರಚುತ್ತಿದ್ದೆ. ಜನ ಬಿದ್ದುಬಿದ್ದು ನಕ್ಕರು. ಮರುದಿನ ಇಮ್ಮಡಿ ಜನ. ಹೆಂಗಸರು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನನ್ನ ಅರಚಾಟ ಕೇಳಲು ಬಂದರು. ಕೊಟ್ರಬಸಪ್ಪ ಮಾತ್ರ ಅವರೆಲ್ಲ ತನ್ನನ್ನು ನೋಡಲು ಬಂದರು ಅಂದುಕೊಂಡ. ಕೊನೆಯ ಸಭೆಯಲ್ಲಿ ಮೈದಾನ ತುಂಬಿದ್ದು ಕಂಡು ಅವನ ಕಣ್ಣು ನೆತ್ತಿಗೇರಿತು. ಮೀಸೆ ತಿರುವಿ ಮೈಕಿನಲ್ಲಿ ಕೂಗಿದ:

"ಈ ಸಲ ಗೆಲ್ಲಲಿಲ್ಲಾಂದ್ರ ಅರ್ಧ ಮೀಸೆ ಬೋಳಿಸ್ಕೊಂಡು, ಇದೇ ಕತ್ತೆ ಮೇಲೆ ಹಿಂದುಮುಂದಾಗಿ ಕುಂತು ಊರು ಸುತ್ತತೀನಿ! ಇದು ಕೊಟ್ರಬಸಪ್ಪನ ಮಾತು!"

ಅವತ್ತು ಮೊದಲ ಬಾರಿಗೆ ನಾನು ಅರಚಲಿಲ್ಲ. ಎಲ್ಲರಿಗೂ ಸ್ಪಷ್ಟವಾಗಿ ಕೇಳಲಿ ಅಂತ ಸುಮ್ಮನೆ ನಿಂತೆ.

ಫಲಿತಾಂಶ ಬಂತು. ಠೇವಣಿ ಹೋಯಿತು. ನೋಟಾ ಮತ್ತೆ ಅವನಿಗಿಂತ ಮುಂದೆ. ಮರುದಿನ ಬೆಳಿಗ್ಗೆ ಉಚ್ಚಂಗೆಮ್ಮ ನನ್ನ ಮೈ ತೊಳೆದು, ಕೊರಳಿಗೆ ಚೆಂಡುಹೂವು ಕಟ್ಟಿ, ಪಕ್ಷದ ಕಚೇರಿಯ ಮೆಟ್ಟಿಲ ಬುಡದಲ್ಲಿ ತಂದು ನಿಲ್ಲಿಸಿದಳು. "ಸಾಹೇಬ್ರ, ಕತ್ತೆ ಬಂದೈತಿ" ಅಂದಳು, ಅಷ್ಟೇ. ಅವನು ಇಳಿಯಲಿಲ್ಲ. ಮರುದಿನವೂ ಬಂದೆವು. ಅದರ ಮರುದಿನವೂ. ನಿಲ್ಲುವುದರಲ್ಲಿ ಕತ್ತೆಯನ್ನು ಮೀರಿಸಿದವರಿಲ್ಲ. ಅವನು ಸಾಂಕೇತಿಕವಾಗಿ ಕತ್ತೆಯ ಚಿತ್ರದ ಮೇಲೆ ಕೂರುತ್ತೇನೆ ಅಂತ ಹೇಳಿಕಳಿಸಿದ. ಜನ ಕೇಕೆ ಹಾಕಿದರು. ಮಂಡಕ್ಕಿ ಅಂಗಡಿಯವನಿಗೆ ಮಿರ್ಚಿ ಕರಿದು ಸಾಕಾಯಿತು.

ಒಳಗೊಳಗೇ ಅವನು ದೊಡ್ಡ ಪಕ್ಷವೊಂದಕ್ಕೆ ಸೇರುವ ಮಾತು ಮುಗಿಸಿದ್ದ. ಅವರು ಒಂದೇ ಷರತ್ತು ಹಾಕಿದರಂತೆ: "ಮೊದಲು ಆ ಕತ್ತೆ ಗಲಾಟೆ ಮುಗಿಸ್ಕೊಂಡು ಬರ್ರಿ." ಕೊನೆಗೂ ಒಂದು ದಿನ ಮೆಟ್ಟಿಲಿಳಿದು ಬಂದ. ಮೂಗಿನ ಒಂದು ಕಡೆ ಮೀಸೆ, ಇನ್ನೊಂದು ಕಡೆ ಬರೀ ತುಟಿ. ನನ್ನ ಮೇಲೆ ಹಿಂದುಮುಂದಾಗಿ ಕೂತು ಬಾಲ ಹಿಡಿದುಕೊಂಡ. ಊರಿಗೆ ಊರೇ ಹಿಂದೆ ಬಂತು.

ನಾನು ಸಾವಕಾಶ ನಡೆದೆ. ಯಾರೂ ಹಗ್ಗ ಎಳೆಯಲಿಲ್ಲ. ಪಾರ್ಕಿನ ತಿರುವಿಗೆ ಬಂದು ನಿಂತೆ.

ನಿಜ ಹೇಳುತ್ತೇನೆ, ಅಲ್ಲಿ ನಿಲ್ಲುವುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಅವನು ಆ ಜಾಗ ನೋಡಲಿ, ಒಂದು ಮಾತಾಡಲಿ, ಸಾಕು ಅಂದುಕೊಂಡಿದ್ದೆ.

"ಯಾಕಮ್ಮ, ನಿಂತುಬಿಡ್ತಲ್ಲ ಇದು?" ಅಂದ.

"ಇದರ ಮರಿ ಸತ್ತದ್ದು ಇಲ್ಲೇ ಅಲ್ರೀ ಸಾಹೇಬ್ರ" ಅಂದಳು ಉಚ್ಚಂಗೆಮ್ಮ.

ಕೊಟ್ರಬಸಪ್ಪ ತಲೆ ಕೆರೆದುಕೊಂಡ.

"ಯಾವ ಮರಿ?"

ನಾನು ತಲೆ ತಗ್ಗಿಸಿ, ಹಿಂಗಾಲೆರಡನ್ನೂ ಮೇಲಕ್ಕೆತ್ತಿ ಝಾಡಿಸಿದೆ. ದಣಿದ ಮೈಯಲ್ಲಿ ಅಷ್ಟು ಕಸುವು ಎಲ್ಲಿಂದ ಬಂತೋ ಕಾಣೆ. ಅವನು ನನ್ನ ತಲೆಯ ಮೇಲಿಂದ ಉರುಳಿ, ನನ್ನ ಗಿಡ್ಡ ಬಿದ್ದಿದ್ದಲ್ಲೇ ಬಿದ್ದ. ಸೊಂಟದ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಕಿವಿಯಲ್ಲಿ ಇಟ್ಟುಕೊಂಡಿದ್ದ ಆ ನಗು ಅವತ್ತಿಗೆ ಇಳಿಯಿತು.

ಈಗ ನಾನು ಮುದುಕಿ. ಹಲ್ಲು ಸವೆದಿವೆ. ಘಾಟಿನ ಮೂಲೆಯಲ್ಲಿ ಉಚ್ಚಂಗೆಮ್ಮ ನೆನೆಸಿಕೊಟ್ಟ ಹೊಟ್ಟು ತಿಂದುಕೊಂಡಿದ್ದೇನೆ. ಪಕ್ಷದ ರಾಜ್ಯ ಶಾಖೆ ಮುಚ್ಚಿತು. ಅದರ ಬೋರ್ಡು ಮಂಡಕ್ಕಿ ಅಂಗಡಿಯ ಒಲೆಗೆ ಗಾಳಿ ಮರೆಮಾಡುತ್ತಿದೆ. ಕುಂಟುವ ಕೊಟ್ರಬಸಪ್ಪನನ್ನು ದೊಡ್ಡ ಪಕ್ಷದವರು ಸೇರಿಸಿಕೊಳ್ಳಲಿಲ್ಲ. ಕ್ಷಮಿಸುವುದು ದೊಡ್ಡ ಗುಣ ಅಂತ ಮನುಷ್ಯರು ಹೇಳುವುದನ್ನು ಎಷ್ಟೋ ವೇದಿಕೆಗಳ ಪಕ್ಕ ನಿಂತು ಕೇಳಿದ್ದೇನೆ. ನನಗದು ಬರಲಿಲ್ಲ, ಬರಲಿ ಅಂತ ಆಸೆಯೂ ಇಲ್ಲ.

ಉಚ್ಚಂಗೆಮ್ಮ ಹೇಳುತ್ತಾಳೆ, ಅವನು ಕೋಲೂರಿಕೊಂಡು ಆ ತಿರುವಿಗೆ ಬಂದಾಗಲೆಲ್ಲ ಒಂದು ಗಳಿಗೆ ನಿಂತು ನೆಲ ನೋಡುತ್ತಾನಂತೆ. ಯಾವ ಮರಿ ಅಂತ ಈಗ ಹೋಗಿ ಅವನನ್ನು ಕೇಳಿ. ಬಣ್ಣವನ್ನೂ ಹೇಳುತ್ತಾನೆ.