ಐದ್ನಿಮಿಷನ ಕೊಲೆ ಮತ್ತು ನಮ್ಮ ಬೀದಿಯ ಚೊಕ್ಕಟತನ

ನಮ್ಮ ಊರಿನಲ್ಲಿ ಇದುವರೆಗೆ ಆಗಿರುವುದು ಒಂದೇ ಕೊಲೆ. ಅದೂ ನನ್ನ ಕಟಿಂಗ್ ಅಂಗಡಿಯ ಎದುರಿಗೇ ಆಯಿತು. ಹದಿನೆಂಟು ವರ್ಷದಿಂದ ನನ್ನ ಕುರ್ಚಿಯಲ್ಲಿ ಕೂತವರೆಲ್ಲ, ಕುತ್ತಿಗೆಗೆ ಬಟ್ಟೆ ಕಟ್ಟುವಷ್ಟರಲ್ಲಿ ಆ ಕೊಲೆಯನ್ನು ಒಬ್ಬನ ತಲೆಗೆ ಕಟ್ಟಿ, ಬಟ್ಟೆ ಬಿಚ್ಚುವ ಹೊತ್ತಿಗೆ ಇನ್ನೊಬ್ಬನ ತಲೆಗೆ ಕಟ್ಟಿ ಎದ್ದುಹೋಗುತ್ತಾರೆ. ನಾನು ತುಟಿ ಬಿಚ್ಚದೆ ಕತ್ತರಿ ಆಡಿಸುತ್ತೇನೆ. ಕಟಿಂಗ್ ಮಾಡುವವನು ಬಾಯಿ ಮುಚ್ಚಿಕೊಂಡಿದ್ದಾನೆ ಅಂದರೆ ಒಳಗೆ ಏನೋ ಇರಬೇಕು ಎಂದು ಯಾರಿಗೂ ಹೊಳೆದಿಲ್ಲ. ಅಷ್ಟು ಚುರುಕು ನಮ್ಮ ಊರಿನ ಜನ.

ಸತ್ತವನು ಗಡಿಯಾರ ರಿಪೇರಿಯವನು. ಯಾರು ಯಾವಾಗ ಕೇಳಿದರೂ ಐದು ನಿಮಿಷದಲ್ಲಿ ಕೊಟ್ಟೆ ಅನ್ನುತ್ತಿದ್ದದ್ದರಿಂದ ಅವನಿಗೆ ಐದ್ನಿಮಿಷ ಎಂದೇ ಹೆಸರು ನಿಂತಿತು. ನನ್ನ ಕೈಗಡಿಯಾರ ಅವನ ಹತ್ತಿರ ನಾಲ್ಕು ವರ್ಷ ಇತ್ತು. ಊರಿನ ಪ್ರತಿ ಮನೆಯದೂ ಒಂದೊಂದು ಇತ್ತು. ಹಾಗಾಗಿ ಅವನನ್ನು ಕೊಲ್ಲಲು ಕಾರಣ ಇಲ್ಲದವರು ಯಾರು ಎಂದು ಹುಡುಕುವುದೇ ಪೊಲೀಸರಿಗೆ ಮೊದಲ ತಲೆನೋವಾಯಿತು. ಹೆಂಡತಿ ಮಕ್ಕಳಿರಲಿಲ್ಲ, ಅಣ್ಣ ತಮ್ಮಂದಿರಿರಲಿಲ್ಲ. ಅವನನ್ನು ಕೊಂದವನು ಯಾರು ಎಂದು ನಿಜವಾಗಿ ಕೇಳಿದವರು ನಮ್ಮ ಭಾವ ಒಬ್ಬರೇ.

ಭಾವ ಎಂದರೆ ನನ್ನ ಅಕ್ಕನ ಗಂಡ, ನಮ್ಮ ಠಾಣೆಯ ಹೆಡ್ ಕಾನ್‌ಸ್ಟೇಬಲ್. ಐದು ಜನ ಇನ್ಸ್‌ಪೆಕ್ಟರುಗಳು ಬಂದರು, ಹೋದರು. ಆ ಫೈಲು ಮಾತ್ರ ಭಾವನ ಮೇಜು ಬಿಡಲಿಲ್ಲ. ರಜೆ ಸಿಕ್ಕರೆ ಸಾಕು, ಎಲ್ಲೋ ಯಾರೋ ಒಬ್ಬ ಗಡಿಯಾರದವನ ಜೊತೆ ಜಗಳ ಆಡಿದ್ದನಂತೆ ಎಂದು ಬಸ್ಸು ಹತ್ತುತ್ತಿದ್ದರು. ಬೀದಿಯಲ್ಲಿ ಅವರು ಕಂಡರೆ ಊಟ ಆಯಿತಾ ಎಂದು ಕೇಳುವವರಿಲ್ಲ, "ಸಿಕ್ಕಿದ್ನಾ?" ಎಂದೇ ಕೇಳುತ್ತಾರೆ. ಬೇಕರಿಯವನಂತೂ ಬ್ರೆಡ್ಡು ಕಟ್ಟಿಕೊಡುತ್ತಾ ದಿನಾ ಕೇಳುತ್ತಾನೆ. ಭಾವ ದಿನಾ, "ಸಿಗ್ತಾನೆ," ಅನ್ನುತ್ತಾರೆ.

ಈಗ ಅವರಿಗೆ ನಿವೃತ್ತಿ ಬಂತು. ಹೀಗೇ ಮನೆಗೆ ಹೋದರೆ ಆ ಪ್ರಶ್ನೆ ಸಾಯುವ ತನಕ ಬೆನ್ನು ಬಿಡುವುದಿಲ್ಲ. ಕೇಸು ಯಾಕೆ ಬಗೆಹರಿಯಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಹೇಳಿದರೆ ಭಾವನಿಗೆ ಅಂಟಿದ್ದ ದಡ್ಡನೆಂಬ ಹಣೆಪಟ್ಟಿ ಕಳಚುತ್ತಿತ್ತು, ಆದರೆ ಅಕ್ಕ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತಿತ್ತು. ಮೂವತ್ತು ವರ್ಷದ ಸಂಸಾರ ಅದಾದ ಮೇಲೆ ಏನಾಗುತ್ತದೋ ಎಂದು ಹೆದರಿ ನಾನು ನುಂಗಿಕೊಂಡೇ ಇದ್ದೆ.

ನಡೆದದ್ದು ಇಷ್ಟು. ಆ ದಿನ ಬೆಳಿಗ್ಗೆ ಡ್ಯೂಟಿಗೆ ಹೊರಟ ಭಾವ, ತಮ್ಮ ಮನೆಯ ಪಕ್ಕದಲ್ಲೇ ಇದ್ದ ಐದ್ನಿಮಿಷನ ಅಂಗಡಿಯ ಬಾಗಿಲು ಅರ್ಧ ತೆರೆದಿದ್ದನ್ನು ಕಂಡು ಇಣುಕಿದರು. ಐದ್ನಿಮಿಷ ನೆಲದ ಮೇಲೆ ಬಿದ್ದಿದ್ದ. ಭಾವ ಅಕ್ಕನನ್ನು ಕೂಗಿ ಬಾಗಿಲಲ್ಲಿ ನಿಲ್ಲಿಸಿ, ಹೊರಗಿನವರನ್ನು ಒಳಗೆ ಬಿಡಬೇಡ ಎಂದು ಹೇಳಿ ಸೈಕಲ್ ಹತ್ತಿದರು. ಅಲ್ಲಿಗೆ ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತಿತ್ತು. ಹೋಗುತ್ತಾ ಹೋಗುತ್ತಾ, ದೊಡ್ಡ ಸಾಹೇಬರು ಬರುತ್ತಾರೆ, ಫೋಟೋದವನೂ ಬರುತ್ತಾನೆ ಎಂದು ಕೂಗಿದರು.

ನಮ್ಮ ಬೀದಿಗೆ ಒಂದು ರೋಗವಿದೆ. ಹೊರಗಿನವರು ಬರುತ್ತಾರೆ ಎಂದರೆ ಸಾಕು, ನಮ್ಮ ಕೈ ಸುಮ್ಮನಿರುವುದಿಲ್ಲ. ಮೀಟರ್ ನೋಡಲು ಬರುವವನಿಗೂ ಅಂಗಳ ತೊಳೆದು ಕಾಯುವ ಜನ ನಾವು. ಅಂಥದ್ದರಲ್ಲಿ ದೊಡ್ಡ ಸಾಹೇಬರು, ಮೇಲೆ ಫೋಟೋ. ಅಕ್ಕ ಒಳಗೊಮ್ಮೆ ನೋಡಿದಳು. ನೆಲದ ತುಂಬ ರಕ್ತ, ಅದರಲ್ಲಿ ದೊಡ್ಡ ದೊಡ್ಡ ಬೂಟಿನ ಹೆಜ್ಜೆ. ಮೇಜಿನ ಮೇಲೆ ಎರಡು ಎಂಜಲು ಲೋಟ. ಪೇಪರಿನಲ್ಲಿ ಇದು ಬಂದರೆ ಬೀದಿಯ ಮಾನ ಏನಾಗಬೇಕು ಎಂದು ಗೊಣಗುತ್ತಾ ಅವಳು ಫಿನಾಯಿಲ್ ತಂದಳು. ನೆಲ ಒರೆಸಿದಳು, ಲೋಟ ತೊಳೆದು ಬೋರಲು ಹಾಕಿದಳು. ಬಿದ್ದಿದ್ದ ಸುತ್ತಿಗೆಯನ್ನೂ ಚೆನ್ನಾಗಿ ಉಜ್ಜಿ ಅದರ ಮೊಳೆಗೇ ನೇತುಹಾಕಿದಳು. ಮುಂದೆ ಕೊಲೆಗೆ ಬಳಸಿದ ಆಯುಧಕ್ಕಾಗಿ ಎರಡು ದಿನ ಹಿತ್ತಲಿನ ಬಾವಿ ಜಾಲಾಡಿದರಲ್ಲ, ಆಗ ಅದು ಸಾಹೇಬರ ತಲೆಯ ಹಿಂದೆಯೇ ನೇತಾಡುತ್ತಿತ್ತು.

ಅಷ್ಟರಲ್ಲಿ ಪಕ್ಕದ ಟೈಲರ್ ಬಂದ. ಹೆಣದ ಅಂಗಿಯ ಗುಂಡಿ ಕಿತ್ತುಹೋಗಿದ್ದದ್ದು ಅವನ ಕಣ್ಣಿಗೆ ಚುಚ್ಚಿತು. ಪಕ್ಕದಲ್ಲೇ ಒಂದು ಗುಂಡಿ ಬಿದ್ದಿತ್ತು, ಆದರೆ ಕಂದು ಬಣ್ಣದ್ದು, ಅಂಗಿಗೆ ಹೊಂದುವುದಿಲ್ಲ. ಅದನ್ನು ಚರಂಡಿಗೆ ಎಸೆದು, ತನ್ನ ಡಬ್ಬಿಯಿಂದ ಎರಡು ಬಿಳಿ ಗುಂಡಿ ತಂದು ಹೊಲಿದ.

ಇನ್ನು ನಾನು. ಯಾರನ್ನೋ ಆಡಿಕೊಳ್ಳುವುದು ಸುಲಭ, ನನ್ನದೂ ಹೇಳಬೇಕಲ್ಲ. ಐದ್ನಿಮಿಷನಿಗೆ ವಾರದ ಗಡ್ಡ ಇತ್ತು. ನನ್ನ ಅಂಗಡಿ ಎದುರಿಗೇ ಇಟ್ಟುಕೊಂಡು ಆ ಗಡ್ಡದಲ್ಲಿ ಫೋಟೋ ತೆಗೆಸಿಕೊಂಡರೆ ನನ್ನ ಕಸುಬಿಗೆ ಏನು ಮರ್ಯಾದೆ ಉಳಿಯಿತು? ನೀಟಾಗಿ ಶೇವ್ ಮಾಡಿದೆ. ಆಮೇಲೆ ಕಂಡಿತು, ಅವನ ಮುಷ್ಟಿಯಲ್ಲಿ ಯಾರದೋ ತಲೆಗೂದಲು ಒಂದು ಹಿಡಿ. ಕೂದಲು ಕಂಡರೆ ಗುಡಿಸುವುದು ಈ ಕೈಗೆ ಚಿಕ್ಕಂದಿನಿಂದ ಅಭ್ಯಾಸ. ಗುಡಿಸಿ, ನನ್ನ ಅಂಗಡಿಯ ಬುಟ್ಟಿಯಲ್ಲಿ ನಲವತ್ತು ಜನರ ಕೂದಲಿನ ಜೊತೆ ಹಾಕಿದೆ.

ಸಾಹೇಬರು ಬಂದಾಗ ಅಂಗಡಿ ಫಳಫಳ ಅನ್ನುತ್ತಿತ್ತು. ಅಂಥ ಹೆಣವನ್ನು ತಾನು ಕಂಡೇ ಇಲ್ಲ ಎಂದು ಫೋಟೋದವನು ಹೇಳಿದ. ನಮಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಸಾಕ್ಷಿ ನಾಶ ಎಂಬ ಮಾತು ಪೇಪರಿನಲ್ಲಿ ಓದಿದ ಮೇಲೆಯೇ ನಮಗೆ ನಡುಕ ಹತ್ತಿದ್ದು. ಪುಣ್ಯಕ್ಕೆ ಭಾವ ಬಾಗಿಲಿನಿಂದಲೇ ಇಣುಕಿ ಹೋಗಿದ್ದರು, ಒಳಗಿನದು ಸರಿಯಾಗಿ ನೋಡಿರಲಿಲ್ಲ. ಕೊಲೆಗಾರ ಬಹಳ ಶಿಸ್ತಿನ ಮನುಷ್ಯ ಎಂದು ಅವರು ವರದಿ ಬರೆದರು. ಅದನ್ನೇ ನಂಬಿ ಹದಿನೆಂಟು ವರ್ಷ ಶಿಸ್ತಿನ ಮನುಷ್ಯನನ್ನು ಹುಡುಕಿದರು. ನಮ್ಮ ಊರಿನಲ್ಲಿ ಅವನೆಲ್ಲಿ ಸಿಗಬೇಕು.

ಬೀಳ್ಕೊಡುಗೆ ಠಾಣೆಯಲ್ಲೇ ಆಯಿತು. ಚಹಾ, ಬಿಸ್ಕತ್ತು, ಎರಡು ಭಾಷಣ. ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ಮೇಡಂಗೆ ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ. ಭಾವ ಫೈಲು ಒಪ್ಪಿಸಿದಾಗ ಆಕೆ ಎರಡು ಕೈಯಿಂದ ತೆಗೆದುಕೊಂಡರು. ಭಾವನ ಕೈ ಮಾತ್ರ ಸ್ವಲ್ಪ ಹೊತ್ತು ಅದನ್ನು ಬಿಡಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ನಾಳೆಯಿಂದ ಬೀದಿಯವರನ್ನೆಲ್ಲ ಹೊಸದಾಗಿ ವಿಚಾರಿಸುತ್ತೇನೆ ಎಂದು ಮೇಡಂ ಹೇಳಿದರು. ಟೈಲರನಿಗೆ ಬಿಸ್ಕತ್ತು ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತು. ಕೊನೆಗೆ ಸಹೋದ್ಯೋಗಿಗಳೆಲ್ಲ ಸೇರಿ ಭಾವನಿಗೆ ಒಂದು ಗೋಡೆ ಗಡಿಯಾರ ಕೊಟ್ಟರು.

ಸಂಜೆ ಅಕ್ಕನ ಮನೆಯಲ್ಲಿ ಅಕ್ಕ, ಭಾವ, ಟೈಲರ್, ನಾನು, ನಾವು ನಾಲ್ವರೇ ಚಹಾ ಕುಡಿಯುತ್ತಿದ್ದೆವು. ಅಕ್ಕ ಗಡಿಯಾರವನ್ನು ಗೋಡೆಗೆ ಹಾಕಿಸಿದ್ದಳು. ಅದು ಅಂಗಡಿಯಿಂದ ಬಂದ ಹಾಗೇ ಹತ್ತೂ ಹತ್ತು ತೋರಿಸುತ್ತಾ ನಿಂತಿತ್ತು. ಸರಿ ಮಾಡಿ ಅಂದಳು. ಭಾವ ಸ್ಟೂಲು ಹತ್ತಿದರು, ಕೈ ಚಾಚಿದರು, ಹಾಗೇ ನಿಂತರು. ಆಮೇಲೆ ಮೆಲ್ಲಗೆ ಇಳಿದು ಅದೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರ ತೋಳಿನ ಮೇಲೆ ಪೊಲೀಸ್ ಪಟ್ಟಿ ಇಲ್ಲದ್ದನ್ನು ನಾನು ಆಗಲೇ ಸರಿಯಾಗಿ ನೋಡಿದ್ದು. ನನ್ನಿಂದ ತಡೆಯಲಾಗಲಿಲ್ಲ.

"ಭಾವ, ಅವತ್ತು ಅವನ ಗಡ್ಡ ತೆಗ್ದಿದ್ದು ನಾನು," ಎಂದೆ.

ಟೈಲರ್ ಲೋಟ ಕೆಳಗಿಟ್ಟು ಗುಂಡಿಯ ವಿಷಯ ಹೇಳಿದ. ಅಕ್ಕ ಸೆರಗಿನ ತುದಿ ಹಿಂಡುತ್ತಾ, ನೆಲ, ಲೋಟ, ಸುತ್ತಿಗೆ ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಭಾವ ಸಿಡಿದೇಳುತ್ತಾರೆ ಎಂದು ನಾನು ಬಾಗಿಲ ಕಡೆ ಒಂದು ಕಣ್ಣಿಟ್ಟಿದ್ದೆ.

"ಗೊತ್ತು," ಎಂದರು ಭಾವ. "ಮೂವತ್ತು ವರ್ಷದಿಂದ ಮೂಗಿಗೆ ಬಡೀತಿರೋ ಫಿನಾಯಿಲ್ ಕಣೇ ಅದು. ಆ ಶೇವಿಂಗೂ ಅಷ್ಟೆ, ಕಿವಿ ಪಕ್ಕ ಸ್ವಲ್ಪ ಬಿಟ್ಟಿತ್ತು. ಇವನು ಯಾವಾಗ್ಲೂ ಬಿಡ್ತಾನೆ."

ನನ್ನ ಕೆಲಸದ ಬಗ್ಗೆ ಆಡಿದ ಆ ಮಾತನ್ನು ನಾನು ಸದ್ಯಕ್ಕೆ ಬಿಟ್ಟುಕೊಟ್ಟೆ. ಬಾವಿ ಜಾಲಾಡುವಾಗ ಹಗ್ಗ ಹಿಡಿದಿದ್ದವರು ಭಾವನೇ. ಎಲ್ಲ ಗೊತ್ತಿದ್ದೂ ಈ ಮನುಷ್ಯ ಊರವರ ಬಾಯಿಗೆ ಬಿದ್ದು ಹದಿನೆಂಟು ವರ್ಷ ಸಹಿಸಿಕೊಂಡರೇ ಎಂದು ನನಗೆ ಕಣ್ಣು ತುಂಬಿತು. ಅಕ್ಕನಿಗಾಗಿ ಅಲ್ಲವೇ ಭಾವ, ಎಂದು ಕೇಳಿದೆ.

ಅರ್ಧ ಅವಳಿಗಾಗಿ, ಎಂದರು ಭಾವ. ಉಳಿದರ್ಧವನ್ನು ಅವರು ಗೋಡೆಯ ಮೇಲಿನ ಗಡಿಯಾರ ನೋಡುತ್ತಾ ಹೇಳಿದರು. ಅವರು ಆ ದಿನ ಬಾಗಿಲಿನಿಂದ ಇಣುಕಿ ಹೋಗಿರಲಿಲ್ಲ, ಒಳಗೇ ಹೋಗಿದ್ದರು. ಹೊಡೆದಾಟದಲ್ಲಿ ಐದ್ನಿಮಿಷನ ದೊಡ್ಡ ಗೋಡೆ ಗಡಿಯಾರಕ್ಕೆ ಪೆಟ್ಟು ಬಿದ್ದು, ಅದು ಸೊಟ್ಟಗೆ ವಾಲಿ ನಿಂತುಹೋಗಿತ್ತು. ಕೊಲೆ ನಡೆದ ಗಳಿಗೆಗೇ ನಿಂತದ್ದು. ನಿಂತ ಗಡಿಯಾರ ಕಂಡರೆ ಭಾವನಿಗೆ ಆಗುವುದಿಲ್ಲ, ಠಾಣೆಯಲ್ಲಿ ಬೆಳಿಗ್ಗೆ ಹೋದ ಕೂಡಲೇ ಅವರ ಮೊದಲ ಕೆಲಸವೇ ಗಡಿಯಾರಕ್ಕೆ ಕೀಲಿ ಕೊಡುವುದು.

"ನೆಟ್ಟಗೆ ಮಾಡಿ, ಕೀಲಿ ಕೊಟ್ಟು, ನನ್ನ ವಾಚು ನೋಡಿ ಟೈಮ್ ಸರಿ ಮಾಡ್ದೆ. ಆಮೇಲೆ ಹೆಣದ ಕಡೆ ತಿರುಗಿದ್ದು."

"ಎಷ್ಟಕ್ಕೆ ನಿಂತಿತ್ತುರೀ?" ಅಕ್ಕ ಕೇಳಿದಳು.

"ನೋಡ್ಲಿಲ್ಲ ಕಣೇ. ನಿಂತಿದೆ ಅಂತ ಅಷ್ಟೇ ನೋಡ್ದೆ."

ಯಾವ ಗಳಿಗೆಗೆ ಯಾರು ಎಲ್ಲಿದ್ದರು ಎಂದು ತಿಳಿದಿದ್ದರೆ ಅದು ಒಂದು ದಿನದ ಕೆಲಸವಾಗಿತ್ತು ಎಂದು ಭಾವ ನೆಲ ನೋಡುತ್ತಾ ಹೇಳಿದರು. ಆ ಒಂದು ದಿನದ ಕೆಲಸವನ್ನು ಅವರು ಹದಿನೆಂಟು ವರ್ಷ ಬಸ್ಸು ಹತ್ತಿ ಇಳಿದು ಮಾಡಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಐದ್ನಿಮಿಷನ ಮುಖ ನೆನಪಾಯಿತು. ಗಡ್ಡ ಅಲ್ಲ, ಮುಖ. ಎಲ್ಲರ ಟೈಮ್ ಕೆಡಿಸಿದ್ದು ನಿಜ, ಆದರೆ ಕೆಡುಕನಲ್ಲ. ಅವನನ್ನು ನಾವೆಲ್ಲ ಸೇರಿ ಚೆನ್ನಾಗಿ ಗುಡಿಸಿ ಹಾಕಿದ್ದೆವು.

ಅಕ್ಕ ಎದ್ದು ಅಭ್ಯಾಸಬಲದಿಂದ ಎಂಜಲು ಲೋಟಗಳನ್ನು ಎತ್ತಿಕೊಂಡಳು. ಒಂದು ಗಳಿಗೆ ಅವನ್ನೇ ನೋಡಿ, ಹಾಗೇ ಮೇಜಿನ ಮೇಲೆ ಇಟ್ಟಳು. ಅವಳ ಮನೆಯಲ್ಲಿ ತೊಳೆಯದ ಲೋಟ ನಾನು ಕಂಡದ್ದು ಅದೇ ಮೊದಲು.

"ನಡೀರಿ," ಅಂದಳು. "ನಾಳೆ ಆ ಇನ್ಸ್‌ಪೆಕ್ಟರ್ ಹುಡುಗಿ ಬಂದು ಕೇಳೋ ತನಕ ಯಾಕೆ? ನಾವೇ ಹೋಗಿ ಹೇಳೋಣ."

ಭಾವ ಹಳೆಯ ಚಪ್ಪಲಿ ಹಾಕಿಕೊಂಡು ಮುಂದೆ ನಡೆದರು, ಹಿಂದೆ ಅಕ್ಕ, ಅವಳ ಹಿಂದೆ ನಾನು, ಟೈಲರ್. ಗಡಿಯಾರ ಹತ್ತೂ ಹತ್ತರಲ್ಲೇ ಉಳಿಯಿತು. ಇನ್ನೂ ಬೆಳಕಿತ್ತು, ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ಬೇಕರಿಯವನು ಬ್ರೆಡ್ಡು ಕಟ್ಟುತ್ತಿದ್ದವನು ಭಾವನನ್ನು ಕಂಡು ರೂಢಿಯಂತೆ, "ಸಿಕ್ಕಿದ್ನಾ?" ಎಂದು ಕೇಳಿದ.

ಭಾವ ನಿಂತರು. ಹಿಂದೆ ತಿರುಗಿ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು.

"ನಾಲ್ಕು ಜನ ಸಿಕ್ಕಿದ್ದೀವಿ," ಎಂದರು. "ಇನ್ನು ಕೊಂದವನೊಬ್ಬ ಬಾಕಿ."